ಟಿವಿಯ ಒಳ್ಳೆಯ ಕಾಲ ನಮ್ಮ ಓಣಿಯಲ್ಲೇ ಇತ್ತು: ಪ್ರಸಾರ ಭಾರತಿಗೆ ಬಹಿರಂಗ ಪತ್ರ

ಪ್ರಸಾರ ಭಾರತಿಯ ಮುಖ್ಯಸ್ಥರಿಗೆ ಮತ್ತು ದೂರದರ್ಶನ ಚಂದನದ ಅಧಿಕಾರಿಗಳಿಗೆ,

ನಮಸ್ಕಾರ.

ಟಿವಿಯ ಯಾವ ಕಾಲ ಚಲೋ ಇತ್ತು ಅನ್ನೋ ವಾದ ನಮ್ಮ ಕಡೆ ಚಹಾದಂಗಡಿಗಳಲ್ಲಿ ಇನ್ನೂ ಮುಗಿದಿಲ್ಲ. ಐವತ್ತು ದಾಟಿದವರು ದೂರದರ್ಶನ ಒಂದೇ ಇದ್ದ ಕಾಲ ಅನ್ನುತ್ತಾರೆ. ನಲವತ್ತರ ಆಸುಪಾಸಿನವರಿಗೆ ಉದಯ, ಈಟಿವಿ ಹೊಸದಾಗಿ ಬಂದ ಕಾಲವೇ ಬೇಕು. ಹುಡುಗರು ಮೊಬೈಲಿನಿಂದ ತಲೆ ಎತ್ತದೆ, ಟಿವಿ ಯಾರು ನೋಡ್ತಾರೆ ಅಂತ ಕೇಳುತ್ತಾರೆ. ನಾನು ಬಾಗಲಕೋಟೆಯಲ್ಲಿ ಬಹಳ ವರ್ಷ ಕೇಬಲ್ ನಡೆಸಿದವನು. ಕಂಬ ಹತ್ತಿದವನು, ಬಿಲ್ಲು ವಸೂಲಿ ಮಾಡಿದವನು, ಧಾರಾವಾಹಿಯ ಹೊತ್ತಿಗೆ ಸಿಗ್ನಲ್ ಹೋದರೆ ಬೈಸಿಕೊಂಡವನು. ಹಾಗಾಗಿ ಈ ವಾದದಲ್ಲಿ ನನಗೂ ಒಂದು ಮಾತು ಇದೆ.

ನನ್ನ ಪ್ರಕಾರ ಒಳ್ಳೆಯ ಕಾಲ ಅಂದರೆ ಊರಿನ ಕೇಬಲ್‌ನವರ ಸ್ವಂತ ಚಾನೆಲ್ ಇದ್ದ ಕಾಲ. ಹೆಚ್ಚುಕಡಿಮೆ 1995ರಿಂದ ಸೆಟ್‌ಟಾಪ್ ಬಾಕ್ಸ್ ಕಡ್ಡಾಯ ಆಗುವ ತನಕ. ನಗಬೇಡಿ. ಚಿತ್ರ ಮಸುಕು, ಧ್ವನಿ ಒಡಕು, ಅರ್ಧ ಹೊತ್ತು ಬಟ್ಟೆ ಅಂಗಡಿಯ ಜಾಹೀರಾತು. ಎಲ್ಲ ಒಪ್ಪುತ್ತೇನೆ. ಆದರೆ ನನ್ನ ಅಳತೆ ಒಂದೇ: ಟಿವಿಯಲ್ಲಿ ನಮ್ಮ ಊರು ಕಂಡಿತೋ ಇಲ್ಲವೋ. ಈ ಅಳತೆ ಹಿಡಿದರೆ ದೊಡ್ಡ ದೊಡ್ಡ ಹೆಸರಿನ ಕಾಲಗಳೆಲ್ಲ ಹಿಂದೆ ಬೀಳುತ್ತವೆ.

ಮೊದಲು ನಿಮ್ಮದೇ ಹಳೆಯ ಕಥೆ. ಟಿವಿ ನಮ್ಮ ಭಾಗಕ್ಕೆ ತಡವಾಗಿ ಬಂತು ಎಂದು ಬಹಳ ಮಂದಿ ತಿಳಿದಿದ್ದಾರೆ. ನಿಜ ಉಲ್ಟಾ ಇದೆ. ಬೆಂಗಳೂರಿಗಿಂತ ಮೊದಲು ಟಿವಿ ನೋಡಿದ್ದು ನಮ್ಮ ಹಳ್ಳಿಗಳು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಉಪಗ್ರಹದಿಂದ ನೇರ ಹಳ್ಳಿಗೆ ಟಿವಿ ಕಳಿಸುವ ಸೈಟ್ ಎಂಬ ಪ್ರಯೋಗ ನಡೆಯಿತು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಸರ್ಕಾರ ಟಿವಿ ಇಟ್ಟಿತು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಮೂರು ಜಿಲ್ಲೆ: ಬಿಜಾಪುರ, ಗುಲಬರ್ಗಾ, ರಾಯಚೂರು. ಆಗ ಬಾಗಲಕೋಟೆ ಬೇರೆ ಜಿಲ್ಲೆ ಆಗಿರಲಿಲ್ಲ. ಅದು ಆದದ್ದು 1997ರಲ್ಲಿ. ಅಂದರೆ ನಾವೂ ಆ ಬಿಜಾಪುರದೊಳಗೇ ಇದ್ದವರು.

ಕೋಳಿ ಗೂಡಿಗೆ ಹಾಕುವಂಥ ತಂತಿ ಜಾಲರಿಯಿಂದ ಮಾಡಿದ ಹತ್ತು ಅಡಿ ಅಗಲದ ಡಿಶ್. ಅದರ ಕೆಳಗೆ ಶಾಲೆಯಲ್ಲೋ ಪಂಚಾಯ್ತಿ ಕಟ್ಟೆಯಲ್ಲೋ ಒಂದು ಟಿವಿ. ಬೆಳಿಗ್ಗೆ ಒಂದೂವರೆ ತಾಸು ಶಾಲೆ ಮಕ್ಕಳಿಗೆ. ಸಂಜೆ ಎರಡೂವರೆ ತಾಸು ದೊಡ್ಡವರಿಗೆ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ನಡುವೆ ಸ್ವಲ್ಪ ಹಾಡು ಕುಣಿತ. ಈ ವೇಳೆಯನ್ನು ಹಿಂದಿ, ಒರಿಯಾ, ತೆಲುಗು, ಕನ್ನಡ ಹಂಚಿಕೊಳ್ಳುತ್ತಿದ್ದವು. ಕನ್ನಡದವು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಒಂದೇ ಚಿತ್ರಕ್ಕೆ ಎರಡು ಧ್ವನಿ ಕಳಿಸುವ ವ್ಯವಸ್ಥೆ ಆ ಉಪಗ್ರಹದಲ್ಲಿತ್ತು. ಆಂಧ್ರದ ಹಳ್ಳಿಗೆ ತೆಲುಗು, ನಮ್ಮ ಹಳ್ಳಿಗೆ ಕನ್ನಡ. ಕೇಬಲ್‌ನವನಾಗಿ ಹೇಳುತ್ತೇನೆ, ಆ ಕಾಲಕ್ಕೆ ಅದು ಸಣ್ಣ ಕೆಲಸ ಅಲ್ಲ.

ಹಾಗಾದರೆ ಅದನ್ನೇ ಅತಿ ಒಳ್ಳೆಯ ಕಾಲ ಅನ್ನಬಹುದಲ್ವಾ? ಬಹಳ ಹತ್ತಿರ ಬರುತ್ತದೆ. ದೊಡ್ಡ ಪಟ್ಟಣ ಬಿಟ್ಟು ನೇರ ರೈತನ ಕಡೆ ಮುಖ ಮಾಡಿದ ಟಿವಿ ಆಮೇಲೆ ಮತ್ತೆ ಬರಲಿಲ್ಲ. ಆದರೆ ಮಾತೆಲ್ಲ ಒಂದೇ ಕಡೆಯಿಂದ. ತುರ್ತುಪರಿಸ್ಥಿತಿಯ ವರ್ಷ ಬೇರೆ. ಸರ್ಕಾರ ಹೇಳಿದ್ದು ಹಳ್ಳಿಗೆ ಬರುತ್ತಿತ್ತು, ಹಳ್ಳಿ ಹೇಳಿದ್ದು ಎಲ್ಲಿಗೂ ಹೋಗುತ್ತಿರಲಿಲ್ಲ. ವರ್ಷ ಮುಗಿದ ಮೇಲೆ ನಾಸಾ ಉಪಗ್ರಹವನ್ನು ತನ್ನ ಕಡೆ ಸರಿಸಿಕೊಂಡಿತು. ಆ ಡಿಶ್‌ಗಳು ಸುಮ್ನೆ ಆಕಾಶ ನೋಡುತ್ತ ಉಳಿದವು. 1977ರಲ್ಲಿ ಕಲಬುರಗಿಗೆ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿಗೆ ಬಂದದ್ದು 1981ರಲ್ಲಿ.

ಇನ್ನು ಎಲ್ಲರೂ ಕಣ್ಣು ಒದ್ದೆ ಮಾಡಿಕೊಳ್ಳುವ ಎಂಬತ್ತರ ದಶಕ. 1982ರಲ್ಲಿ ಬಣ್ಣ ಬಂತು. ಮರುವರ್ಷ ಇನ್‌ಸ್ಯಾಟ್-1ಬಿ ಉಪಗ್ರಹ ಮೇಲೇರಿತು. ಅದಾದ ಮೇಲೆ ಊರೂರಿಗೆ ಸಣ್ಣ ಟ್ರಾನ್ಸ್‌ಮಿಟರ್‌ಗಳು ಎದ್ದವು. 1987ರ ಜನವರಿ 25ರಂದು ರಾಮಾಯಣ ಶುರುವಾಯಿತು. ಭಾನುವಾರ ಬೆಳಿಗ್ಗೆ ಬೀದಿ ಖಾಲಿ. ಟಿವಿ ಇದ್ದವರ ಪಡಸಾಲೆಯಲ್ಲಿ ಕಾಲಿಡಲು ಜಾಗ ಇಲ್ಲ. ಟಿವಿಗೆ ಹೂವಿನ ಹಾರ ಹಾಕಿದವರನ್ನು ನಾನೂ ನೋಡಿದ್ದೇನೆ. ಇದನ್ನೆಲ್ಲ ಯಾರೂ ಅಲ್ಲಗಳೆಯಲಾರರು.

ಆದರೆ ಆ ಪಡಸಾಲೆ ತುಂಬಿದ್ದು ಟಿವಿ ಚಲೋ ಇತ್ತೆಂದಲ್ಲ, ಓಣಿಗೆ ಒಂದೇ ಇತ್ತೆಂದು. ಹಿಂದಿ ಅರ್ಥ ಆಗದ ನಮ್ಮ ಅಜ್ಜಿಯರು ರಾಮಾಯಣ ನೋಡಿದ್ದು ಕಥೆ ಮೊದಲೇ ಬಾಯಿಪಾಠ ಇತ್ತು ಎಂಬ ಕಾರಣಕ್ಕೆ. ಅದೇ ಅಜ್ಜಿಯರು ಹಿಂದಿ ಸಾಮಾಜಿಕ ಧಾರಾವಾಹಿ ಬಂದಾಗ ಎದ್ದು ಹೋಗುತ್ತಿದ್ದರು. ನಮ್ಮಂಥ ಊರಿನ ಸಣ್ಣ ಟ್ರಾನ್ಸ್‌ಮಿಟರ್‌ಗೆ ಸ್ವಂತ ಕಾರ್ಯಕ್ರಮ ಮಾಡುವ ಶಕ್ತಿ ಇರಲಿಲ್ಲ. ಮೇಲಿನಿಂದ ಬಂದದ್ದನ್ನು ದಾಟಿಸುವುದಷ್ಟೇ ಅದರ ಕೆಲಸ. ದೆಹಲಿ ಹೇಳಿತು, ಟವರ್ ಹೇಳಿತು, ನಾವು ಕೇಳಿದೆವು. 2020ರಲ್ಲಿ ಲಾಕ್‌ಡೌನ್ ಹೊತ್ತಿಗೆ ನೀವು ರಾಮಾಯಣ ಮತ್ತೆ ಹಾಕಿದಿರಿ. ಮಂದಿ ಖುಷಿಯಿಂದ ನೋಡಿದರು. ಅದನ್ನು ಹಿಡಿದು ಆ ಕಾಲವೇ ಶ್ರೇಷ್ಠ ಎಂಬ ತೀರ್ಪಿಗೆ ಬರುವುದು ಜಾಸ್ತಿ ಆಯಿತು.

1994ರಲ್ಲಿ ಉದಯ ಟಿವಿ ಬಂತು, 2000ದ ಕೊನೆಗೆ ಈಟಿವಿ ಕನ್ನಡ. ನನ್ನ ಕಸುಬಿಗೆ ಅದು ಸುಗ್ಗಿ. ದಿನವಿಡೀ ಕನ್ನಡ ಎಂದರೆ ಯಾರು ಬೇಡ ಅಂತಾರೆ? ನಿಮ್ಮ ಚಂದನವೂ ಆಗ ಗಟ್ಟಿಯಾಗಿತ್ತು. 1998ರ ಮಾಯಾಮೃಗ, 2002ರಿಂದ ಥಟ್ ಅಂತ ಹೇಳಿ, ಇವುಗಳ ಹೊತ್ತಿಗೆ ಕೇಬಲ್ ಕಡಿದರೆ ನನ್ನ ಮನೆ ಬಾಗಿಲಿಗೆ ಮಂದಿ ಬರುತ್ತಿದ್ದರು. ಕಾರ್ಯಕ್ರಮದ ಗುಣ ಒಂದನ್ನೇ ನೋಡಿದರೆ ನಾನು ಈ ಹತ್ತು ವರ್ಷಕ್ಕೇ ಅಂಕ ಕೊಡುತ್ತೇನೆ.

ಆದರೆ ಆ ಕನ್ನಡ ಯಾವ ಊರಿನದು? ಮನೆ ಬೆಂಗಳೂರಿನದು, ಮಾತು ಮೈಸೂರು ಕಡೆಯದು. ನಮ್ಮ ಮಾತು ಆಡುವ ಪಾತ್ರ ಬಂದರೆ ಅದು ನಗಿಸಲಿಕ್ಕೆ, ಇಲ್ಲಾ ಹೊಡೆದಾಟಕ್ಕೆ. ಈಗೀಗ ಸ್ವಲ್ಪ ಬದಲಾಗಿದೆ, ಸುಳ್ಳು ಹೇಳಬಾರದು. ಆದರೂ ಕ್ಯಾಮೆರಾ ನಮ್ಮ ಕಡೆ ಬಂದರೆ ಏನು ತೋರಿಸುತ್ತದೆ? ಗೋಲ್‌ಗುಂಬಜ್, ಬಾದಾಮಿ ಗುಹೆ, ರೊಟ್ಟಿ ಬಡಿಯುವ ಹೆಣ್ಣುಮಗಳು. ಬೇಸಿಗೆಯಲ್ಲಿ ಬಂದರೆ ಬರ, ಮಳೆಗಾಲದಲ್ಲಿ ಬಂದರೆ ನೆರೆ. ಬೆಳಗಾವಿಗೆ ಬಂದರೆ ಗಡಿ ಗಲಾಟೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಯ ಮಂದಿ ಉಳಿದ ದಿನಗಳಲ್ಲಿ ಏನು ಮಾಡುತ್ತಾರೆ ಎಂಬುದು ಟಿವಿಗೆ ಬೇಕಾಗಿಲ್ಲ.

ಈಗ ನನ್ನ ಕಾಲಕ್ಕೆ ಬರುತ್ತೇನೆ.

1995ರ ಕೇಬಲ್ ಕಾನೂನಿನ ಪ್ರಕಾರ ನಮ್ಮ ನೋಂದಣಿ ನಡೆಯುತ್ತಿದ್ದದ್ದು ಪ್ರಧಾನ ಅಂಚೆ ಕಚೇರಿಯಲ್ಲಿ. (ಅದಕ್ಕೂ ಹಿಂದೆ ಟಿವಿ ಇಟ್ಟುಕೊಳ್ಳಲಿಕ್ಕೇ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. 1985ರಲ್ಲಿ ಅದು ಹೋಯಿತು.) ಮಾಳಿಗೆ ಮೇಲೆ ದೊಡ್ಡ ಡಿಶ್‌ಗಳು. ಕೆಳಗಿನ ಕೋಣೆಯಲ್ಲಿ ಚಾನೆಲ್‌ಗೊಂದು ರಿಸೀವರ್, ಚಿತ್ರವನ್ನು ತಂತಿಯಲ್ಲಿ ಒಂದು ಚಾನೆಲ್ ಜಾಗಕ್ಕೆ ಕೂಡಿಸುವ ಒಂದು ಮಾಡ್ಯುಲೇಟರ್. ಎಲ್ಲ ಸೇರಿಸಿ ಒಂದು ತಂತಿಗೆ ಹಾಕಿದರೆ ಊರಿಗೆ ಹೊರಟಿತು. ಕಂಬದಿಂದ ಕಂಬಕ್ಕೆ ಹೋದಂತೆ ಸಿಗ್ನಲ್ ಸೊರಗುತ್ತದೆ, ನಡುನಡುವೆ ಆಂಪ್ಲಿಫೈಯರ್ ಬೇಕು. ಆಂಪ್ಲಿಫೈಯರ್‌ಗೆ ಯಾರದೋ ಮನೆಯ ಕರೆಂಟ್ ಬೇಕು. ಆ ಮನೆಗೆ ಕೇಬಲ್ ಪುಕ್ಕಟೆ. ಇಡೀ ವ್ಯವಹಾರ ಇಂಥ ಹೊಂದಾಣಿಕೆಯ ಮೇಲೇ ನಿಂತಿತ್ತು.

ಅದರಲ್ಲಿ ಒಂದು ಮಾಡ್ಯುಲೇಟರ್ ಖಾಲಿ ಇಟ್ಟುಕೊಂಡರೆ ಮುಗಿಯಿತು, ಸ್ವಂತ ಚಾನೆಲ್ ತಯಾರು. ಒಂದು ವಿಸಿಆರ್ ಜೋಡಿಸಿ, ಕ್ಯಾಸೆಟ್ ಹಾಕಿ, ಬಟನ್ ಒತ್ತಿ. ಕ್ಯಾಮೆರಾ ಮದುವೆ ವಿಡಿಯೋ ಮಾಡುವವನದು. ಲಗ್ನ ಇಲ್ಲದ ದಿನ ಅವನು ನಮ್ಮವನು. ಹೊಸ ಸಿನಿಮಾದ ಕಳ್ಳ ಕ್ಯಾಸೆಟ್ ಹಾಕಿ ಕಾಸು ಮಾಡಿಕೊಂಡ ಆಪರೇಟರ್‌ಗಳೂ ನಮ್ಮ ಸೀಮೆಯಲ್ಲಿ ಇದ್ದರು. ಅವರ ಪರ ನಾನು ಮಾತಾಡುತ್ತಿಲ್ಲ.

ಆ ಚಾನೆಲ್‌ನಲ್ಲಿ ಏನು ಬರುತ್ತಿತ್ತು? ಪರದೆಯ ಕೆಳಗೆ ಓಡುವ ಸಾಲು: ನಾಳೆ ಯಾವ ಓಣಿಗೆ ನೀರು, ಎಷ್ಟು ಹೊತ್ತಿಗೆ. ಊರಿನ ಎಲ್ಲ ಹೆಣ್ಣುಮಕ್ಕಳು ಆ ಸಾಲು ಓದುತ್ತಿದ್ದರು. ಅಕ್ಷರ ಬಾರದವರು ಮಕ್ಕಳಿಂದ ಓದಿಸುತ್ತಿದ್ದರು. ಯಾರು ತೀರಿಕೊಂಡರು, ಮಣ್ಣು ಎಷ್ಟಕ್ಕೆ. ಕಳೆದ ಎಮ್ಮೆ, ಸಿಕ್ಕ ಪರ್ಸು. ತುಳಸಿಗೇರಿ ಹನುಮಪ್ಪನ ಜಾತ್ರೆಯ ಕುಸ್ತಿ. ಬನಶಂಕರಿ ಜಾತ್ರೆ ಬಂದರೆ ನಾಟಕ ಕಂಪನಿಗಳವರೇ ಬಂದು ಜಾಹೀರಾತು ಕೊಡುತ್ತಿದ್ದರು. ಯಾವ ತಂಬಿನಲ್ಲಿ ಯಾವ ನಾಟಕ, ಹಾಸ್ಯದವನು ಯಾರು, ಎಲ್ಲ. ಶ್ರೀಕೃಷ್ಣ ಪಾರಿಜಾತದ ಆಟ ಇಡೀ ರಾತ್ರಿಯದು. ಅದನ್ನು ಕತ್ತರಿಸದೆ ಹಾಕಿದ್ದೇವೆ. ಕ್ಯಾಸೆಟ್ ಬದಲಿಸುವಾಗ ಪರದೆ ಕಪ್ಪಾಗುತ್ತಿತ್ತು, ಮಂದಿ ಕಾಯುತ್ತಿದ್ದರು. ಯಾವ ದೊಡ್ಡ ಚಾನೆಲ್ ಪಾರಿಜಾತಕ್ಕೆ ಒಂದು ರಾತ್ರಿ ಕೊಟ್ಟೀತು ಹೇಳಿ.

ಎಲ್ಲಕ್ಕಿಂತ ದೊಡ್ಡದು ಹೋಳಿ. ಬಾಗಲಕೋಟೆಯ ಹೋಳಿ ಗೊತ್ತಿಲ್ಲದವರಿಗೆ ಬರೆದು ತಿಳಿಸುವುದು ಕಷ್ಟ. ಕಿಲ್ಲಾ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ, ಹೊಸಪೇಟೆ. ಐದೂ ಪೇಟೆಯವರ ಸರದಿ, ಹಲಗಿ, ಬ್ಯಾರಲ್‌ಗಟ್ಟಲೆ ಬಣ್ಣ ಹೊತ್ತ ಬಂಡಿಗಳು ಎದುರುಬದುರಾಗುವ ಹೊತ್ತು. ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಸುತ್ತಿ ಮಾಳಿಗೆ ಮೇಲಿಂದ ಹಿಡಿಯುತ್ತಿದ್ದೆವು. ಮರುದಿನ ರಾತ್ರಿ ಹಾಕಿದರೆ ಎಲ್ಲರದೂ ಒಂದೇ ಕೆಲಸ: ಬಣ್ಣದ ನಡುವೆ ತಮ್ಮ ಮುಖ ಹುಡುಕುವುದು. ನಮ್ಮ ಪೇಟೆಯ ಬಂಡಿ ಕಡಿಮೆ ತೋರಿಸಿದಿರಿ ಎಂದು ಜಗಳಕ್ಕೂ ಬರುತ್ತಿದ್ದರು. ಆ ಜಗಳ ನನಗೆ ಬೇಜಾರು ತರಲಿಲ್ಲ. ದೆಹಲಿಯ ಟಿವಿಯ ಜತೆ ಯಾರೂ ಹಾಗೆ ಜಗಳ ಆಡಲಿಕ್ಕೆ ಆಗುತ್ತಿರಲಿಲ್ಲವಲ್ಲ.

ಕೊರತೆ ಇರಲಿಲ್ಲವೇ? ಬೇಕಾದಷ್ಟು. ಪುಢಾರಿಗಳ ಹುಟ್ಟುಹಬ್ಬ ತಾಸುಗಟ್ಟಲೆ. ಶಾಲು ಹೊದಿಸುವುದು, ಹಾರ ಹಾಕುವುದು, ಮತ್ತೆ ಶಾಲು ಹೊದಿಸುವುದು. ದುಡ್ಡು ಕೊಟ್ಟವರ ಮದುವೆ ಬಂತು, ಕೊಡದವರದು ಬರಲಿಲ್ಲ. ಕೆಲವು ಕೇರಿಗಳ ಕಡೆ ಕ್ಯಾಮೆರಾ ತಿರುಗಿದ್ದೇ ಕಡಿಮೆ. ಚುನಾವಣೆ ಹೊತ್ತಿಗೆ ಆಪರೇಟರ್ ಯಾರ ಕಡೆ ಎಂಬುದು ಓಡುವ ಸಾಲಿನಲ್ಲೇ ಗೊತ್ತಾಗುತ್ತಿತ್ತು. ಆದರೆ ತಪ್ಪು ಮಾಡಿದವನ ಮನೆ ಎಲ್ಲಿದೆ ಎಂದು ಊರಿಗೆ ಗೊತ್ತಿತ್ತು. ಬೆಳಿಗ್ಗೆ ಚಹಾ ಕುಡಿಯಲು ಅವನು ಅದೇ ಅಂಗಡಿಗೆ ಬರಬೇಕು.

ಅದು ಹೇಗೆ ಮುಗಿಯಿತು? ಡಿಜಿಟಲ್ ಬಂತು. 2011ರಲ್ಲಿ ಕಾನೂನು ತಿದ್ದಿದರು. ನಮ್ಮಂಥ ಊರುಗಳಿಗೆ 2015ರ ಡಿಸೆಂಬರ್ 31 ಗಡುವು, ಹಳ್ಳಿಗಳಿಗೆ 2017ರ ಮಾರ್ಚ್ 31. ಚಿತ್ರ ಸ್ವಚ್ಛ ಆಯಿತು, ಚಾನೆಲ್ ನೂರಾರು ಆದವು, ಅದು ಒಳ್ಳೆಯದೇ. ಆದರೆ ಸಿಗ್ನಲ್ ದೊಡ್ಡ ಕಂಪನಿಗಳ ಕಂಟ್ರೋಲ್ ರೂಮಿನಿಂದ ಬೀಗ ಹಾಕಿಕೊಂಡೇ ಬರತೊಡಗಿತು. ನಮ್ಮ ಕೋಣೆಯ ಖಾಲಿ ಮಾಡ್ಯುಲೇಟರ್‌ಗೆ ಅಲ್ಲಿ ಜಾಗ ಇಲ್ಲ. ಸ್ಥಳೀಯ ಚಾನೆಲ್ ಬೇಕಾದರೆ ಚಿತ್ರವನ್ನು ಡಿಜಿಟಲ್ ಮಾಡುವ ಎನ್‌ಕೋಡರ್ ಬೇಕು, ದೊಡ್ಡ ಕಂಪನಿಯ ಪಟ್ಟಿಯಲ್ಲಿ ಜಾಗ ಬೇಕು, ಅದಕ್ಕೆ ದುಡ್ಡು ಬೇಕು. 2019ರ ಫೆಬ್ರುವರಿಯಲ್ಲಿ ಕೇಂದ್ರದ ಫೋನು-ಟಿವಿ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ದರ ಬಂತು. ನೂರು ಚಾನೆಲ್‌ಗೆ 130 ರೂಪಾಯಿ, ಮೇಲೆ ತೆರಿಗೆ, ಬೇಕಾದ ಚಾನೆಲ್‌ಗೆ ಬೇರೆ. ಅದನ್ನು ಮನೆ ಮನೆಗೆ ಹೋಗಿ ವಿವರಿಸಿದ್ದೇ ನಮ್ಮ ಕೊನೆಯ ದೊಡ್ಡ ಕೆಲಸ. ಟಿವಿ ಮಾಡುತ್ತಿದ್ದವರು ಬಿಲ್ಲು ವಸೂಲಿಯವರಾದೆವು. 2022ರಲ್ಲಿ ಕೇಂದ್ರ ಸರ್ಕಾರ ಸ್ಥಳೀಯ ಚಾನೆಲ್‌ಗಳಿಗೆ ನಿಯಮ ತಂದಿತು. ನೋಂದಣಿ ಶುಲ್ಕ ಸಾವಿರ ರೂಪಾಯಿ ಮಾತ್ರ. ಚಲೋ ಇದೆ. ಆದರೆ ಆ ಬಾಗಿಲು ತೆರೆದದ್ದು ದೊಡ್ಡ ಕೇಬಲ್ ಕಂಪನಿಗಳಿಗೆ. ಓಣಿಯ ಆಪರೇಟರ್ ಹೊರಗೇ ಉಳಿದ.

ಅದೇ ಹೊತ್ತಿಗೆ ನೀವೂ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಬಹುಪಾಲು ಮುಚ್ಚಿದಿರಿ. ಅದಕ್ಕೆ ನನ್ನ ತಕರಾರಿಲ್ಲ, ಆಂಟೆನಾ ಹಾಕಿ ನೋಡುವವರು ಉಳಿದಿರಲಿಲ್ಲ.

ಮೊಬೈಲ್ ಇದೆಯಲ್ಲ, ಇನ್ನೇನು ಬೇಕು ಅಂತ ನೀವು ಕೇಳಬಹುದು. ಹೌದು, ಇವತ್ತು ನಮ್ಮ ಹೋಳಿ ಯೂಟ್ಯೂಬಿನಲ್ಲಿ ಡ್ರೋನ್ ಮೇಲಿಂದ ಕಾಣುತ್ತದೆ. ಪುಣೆಯಲ್ಲಿ ಕೆಲಸಕ್ಕಿರುವ ಹುಡುಗ ಅಲ್ಲಿಂದಲೇ ಹಲಗಿ ಕೇಳುತ್ತಾನೆ. ನನ್ನ ಕಾಲದಲ್ಲಿ ಅದು ಆಗುತ್ತಿರಲಿಲ್ಲ, ಈ ವಿಷಯದಲ್ಲಿ ಈಗಿನ ಕಾಲಕ್ಕೇ ಗೆಲುವು. ಆದರೆ ಫೋನು ಹುಡುಕಿದವನಿಗೆ ಮಾತ್ರ ತೋರಿಸುತ್ತದೆ. ಮನೆಯಲ್ಲಿ ನಾಲ್ಕು ಮಂದಿ ನಾಲ್ಕು ಬೇರೆ ಬೇರೆ ಊರು ನೋಡುತ್ತ ಕೂತಿರುತ್ತಾರೆ. 2019ರ ಆಗಸ್ಟ್ ನೆನಪಿಸಿಕೊಳ್ಳಿ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ತುಂಬಿ ಬಂದವು. ಸುದ್ದಿ ಚಾನೆಲ್‌ಗಳಲ್ಲಿ ಅದೇ ನೀರು, ಅದೇ ಬೊಬ್ಬೆ. ನಮಗೆ ಬೇಕಿದ್ದದ್ದು ಯಾವ ಸೇತುವೆ ಬಂದ್ ಆಗಿದೆ, ಯಾವ ದಾರಿ ತೆರೆದಿದೆ ಎಂಬ ಒಂದು ಸಾಲು. ಅದು ವಾಟ್ಸಾಪಿನಲ್ಲಿ ಬಂತು, ಜತೆಗೆ ಹತ್ತು ಸುಳ್ಳೂ ಬಂದವು. ಊರಿಗೆ ಗೊತ್ತಿರುವ ಒಬ್ಬ ಮನುಷ್ಯ ಒಂದು ಪರದೆಯಲ್ಲಿ ಎಲ್ಲರಿಗೂ ಒಟ್ಟಿಗೆ ಹೇಳುವ ವ್ಯವಸ್ಥೆ ಅಷ್ಟರಲ್ಲಿ ಹೋಗಿಬಿಟ್ಟಿತ್ತು.

ಇಷ್ಟೆಲ್ಲ ನಿಮಗೇ ಯಾಕೆ ಬರೆಯುತ್ತಿದ್ದೇನೆ? ಖಾಸಗಿ ಚಾನೆಲ್‌ನವರಿಗೆ ಜಾಹೀರಾತು ಬೇಕು, ಬಾಗಲಕೋಟೆಯ ನೀರಿನ ಸರದಿಯಿಂದ ಅವರಿಗೆ ಏನೂ ಹುಟ್ಟುವುದಿಲ್ಲ. ನೀವು ಸಾರ್ವಜನಿಕರ ದುಡ್ಡಿನಲ್ಲಿ ನಡೆಯುವವರು. ಇನ್ನೂ ಒಂದು ಕಾರಣ ಇದೆ. ಕೇಬಲ್ ಕಾನೂನಿನ 8ನೇ ಕಲಮು ನೆನಪಿದೆಯಾ? ದೂರದರ್ಶನದ ಚಾನೆಲ್‌ಗಳನ್ನು ಪ್ರತಿ ಆಪರೇಟರ್ ಕಡ್ಡಾಯವಾಗಿ, ಪುಕ್ಕಟೆ, ಚಲೋ ಜಾಗದಲ್ಲಿ ಹಾಕಬೇಕು. ನಾವು ಹಾಕಿದೆವು. ಕಂಬಕ್ಕೆ ಸಿಡಿಲು ಬಡಿದು ಆಂಪ್ಲಿಫೈಯರ್ ಸುಟ್ಟ ದಿನಗಳಲ್ಲೂ ನಿಮ್ಮನ್ನು ಮನೆ ಮನೆಗೆ ಮುಟ್ಟಿಸಿದೆವು. ಅಷ್ಟು ವರ್ಷ ನಿಮ್ಮನ್ನು ಹೊತ್ತ ಊರುಗಳನ್ನು ಈಗ ನೀವು ಸ್ವಲ್ಪ ಹೊರಬೇಕು. ಇದು ಬೇಡಿಕೆ ಅಲ್ಲ, ಲೆಕ್ಕ.

ಚಂದನದಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರಕ್ಕೆ ದಿನಾ ಅರ್ಧ ತಾಸು ಕೊಡಿ. ಬೆಂಗಳೂರಿನಿಂದ ಕ್ಯಾಮೆರಾ ತಂಡ ಕಳಿಸಬೇಡಿ. ಅವರು ಮತ್ತೆ ಗೋಲ್‌ಗುಂಬಜ್‌ನಿಂದಲೇ ಶುರು ಮಾಡುತ್ತಾರೆ. ಇಲ್ಲಿಯ ಹುಡುಗರು ಫೋನಿನಲ್ಲಿ ಮಾಡುತ್ತಿರುವ ಕೆಲಸ ನೋಡಿ, ಅವರಿಂದಲೇ ಮಾಡಿಸಿ, ದುಡ್ಡು ಕೊಡಿ. ಇಲ್ಲಿಯ ಮಾತಿನಲ್ಲೇ ಇರಲಿ, ತಿದ್ದಬೇಡಿ. ತಿಂಗಳ ಬಿಲ್ಲಿಲ್ಲದ ಫ್ರೀ ಡಿಶ್ ನಿಮ್ಮದು, 2024ರಲ್ಲಿ ಶುರು ಮಾಡಿದ ವೇವ್ಸ್ ಆ್ಯಪ್ ನಿಮ್ಮದು. ಜಾಗ ಇಲ್ಲ ಎಂಬ ಮಾತು ಈಗ ನಡೆಯುವುದಿಲ್ಲ.

ಇನ್ನೊಂದು ಹಳೆಯ ಸರಕಿನ ವಿಷಯ. ಸೈಟ್ ಕಾಲದ ಕನ್ನಡ ಕಾರ್ಯಕ್ರಮಗಳಲ್ಲಿ ಉಳಿದದ್ದೆಲ್ಲ ಹೊರಗೆ ತನ್ನಿ. ನಿಮ್ಮ ಆರ್ಕೈವ್ಸ್‌ನವರು ಹಳೆಯ ಸಂಗೀತ, ಹಳೆಯ ಧಾರಾವಾಹಿ ಹಾಕುತ್ತಿದ್ದಾರೆ, ನೋಡುತ್ತೇನೆ. 1975ರಲ್ಲಿ ನಮ್ಮ ಹಳ್ಳಿಗೆ ಏನು ಹೇಳಿದಿರಿ ಎಂಬುದನ್ನೂ ಹಾಕಿ. ಅದನ್ನು ನೋಡಿದ ಮಕ್ಕಳಿಗೆ ಈಗ ಅರವತ್ತು. ಅವರು ಬದುಕಿರುವಾಗಲೇ ಹಾಕಿ.

ಅದಕ್ಕಿಂತ ಅವಸರದ್ದು ನಮ್ಮ ಕ್ಯಾಸೆಟ್‌ಗಳು. ಆಲಮಟ್ಟಿ ಹಿನ್ನೀರು ಬಂದಾಗ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳು ಹೋದವು, ಮಂದಿ ನವನಗರಕ್ಕೆ ಹೋದರು. ಆ ಓಣಿಗಳಲ್ಲಿ ಬಂಡಿ ಹೋದದ್ದು, ಹಲಗಿ ಬಡಿದದ್ದು, ಆ ಕಟ್ಟೆಗಳ ಮೇಲೆ ಕೂತ ಹಿರಿಯರು, ಎಲ್ಲ ವಿಎಚ್‌ಎಸ್ ಕ್ಯಾಸೆಟ್‌ನಲ್ಲಿದೆ. ಕ್ಯಾಸೆಟ್‌ಗಳು ಹಳೆಯ ಆಪರೇಟರ್‌ಗಳ ಅಟ್ಟದಲ್ಲಿವೆ, ಮದುವೆ ವಿಡಿಯೋದವರ ಅಂಗಡಿಯ ಹಿಂದಿನ ಕೋಣೆಯಲ್ಲಿವೆ. ಟೇಪಿಗೆ ಬೂಸು ಹಿಡಿಯುತ್ತಿದೆ. ಪ್ರತಿ ಮಳೆಗಾಲಕ್ಕೆ ಒಂದಷ್ಟು ಹೋಗುತ್ತಿವೆ. ಮುಧೋಳ, ಜಮಖಂಡಿ, ಇಂಡಿ, ಗೋಕಾಕ, ಎಲ್ಲ ಕಡೆಯ ಹಳೆಯ ಆಪರೇಟರ್‌ಗಳ ಕಥೆ ಇದೇ.

ನಿಮ್ಮ ಬಳಿ ಟೇಪ್ ತೊಳೆದು ಡಿಜಿಟಲ್ ಮಾಡುವ ಯಂತ್ರ ಇದೆ, ಕಲಿತ ಮಂದಿ ಇದ್ದಾರೆ. ಒಂದು ವಾಹನದಲ್ಲಿ ಅವರನ್ನು ಈ ಮೂರು ಜಿಲ್ಲೆಗೆ ಬೇಸಿಗೆಯಲ್ಲೇ ಕಳಿಸಿ, ಜೂನ್ ತನಕ ಕಾಯಬೇಡಿ. ತಾಲೂಕಿಗೆ ಒಂದು ದಿನ ನಿಂತರೆ ಸಾಕು, ಕ್ಯಾಸೆಟ್ ತರುವವರನ್ನು ನಾವು ಕರೆತರುತ್ತೇವೆ. ಮೂಲ ಕ್ಯಾಸೆಟ್ ನೀವೇ ಇಟ್ಟುಕೊಳ್ಳಿ. ಒಂದು ಪ್ರತಿ ತಂದವರ ಕೈಗೆ ಕೊಡಿ, ಇನ್ನೊಂದನ್ನು ಜಿಲ್ಲಾ ಗ್ರಂಥಾಲಯದಲ್ಲಿ ಇಡಿ. ಮದುವೆ ಕ್ಯಾಸೆಟ್‌ಗಳೂ ಬರುತ್ತವೆ, ಬೇಡ ಎನ್ನಬೇಡಿ. ಹಿಂದೆ ಕಾಣುವ ಬೀದಿ ನಮಗೆ ಬೇಕು.

ಇಂತಿ,
ಹಳೆಯ ಕೇಬಲ್ ಆಪರೇಟರ್,
ಬಾಗಲಕೋಟೆ